ಚಳಿಗೆ ಪಿಕಪ್ ಸ್ಟಾರ್ಟ್ ಆಗ್ತಿಲ್ಲ, ಕರೆಂಟಿನ ಬ್ಲಾಕ್ ಹೀಟರ್ ಹಾಕಿಸಲಾ?

ಪ್ರಶ್ನೆ: ಆಲ್ದೂರು ಹತ್ತಿರ ನಮ್ಮ ತೋಟ. 2006ರ ಡೀಸೆಲ್ ಪಿಕಪ್ ಇದೆ. ಡಿಸೆಂಬರ್ ಬಂತು ಅಂದರೆ ಬೆಳಗ್ಗೆ ಆರೂವರೆಗೆ ಏಳೆಂಟು ಸಲ ಸೆಲ್ಫ್ ಹೊಡೆಯಬೇಕು. ಒಂದೊಂದು ದಿನ ಅದಕ್ಕೂ ಜಗ್ಗಲ್ಲ, ಲೈನ್ ಮನೆ ಹುಡುಗರನ್ನು ಕರೆದು ತಳ್ಳಿಸಬೇಕು. ಕಾಫಿ ಕುಯ್ಲಿನ ಟೈಮಲ್ಲಿ ಇದೊಂದು ತಲೆನೋವು. ಮಧ್ಯಾಹ್ನ ಮಾತ್ರ ಅರ್ಧ ಕೀಗೇ ಸ್ಟಾರ್ಟ್! ಕೆನಡಾದಲ್ಲಿರುವ ಭಾಮೈದ, ಅಲ್ಲಿ ರಾತ್ರಿ ಪ್ಲಗ್ಗಿಗೆ ಹಾಕಿ ಇಂಜಿನ್ ಬಿಸಿ ಇಡುವ ಹೀಟರ್ ಇದೆ, ಒಂದು ಕಳಿಸಲಾ ಅಂತಿದ್ದಾನೆ. ಮೊನ್ನೆ ಬೆಳಗ್ಗೆ ಇಲ್ಲಿ 11 ಡಿಗ್ರಿ ಇತ್ತು. ಹಾಕಿಸಬಹುದಾ ಅಣ್ಣ?

ಉತ್ತರ (ಡೀಸೆಲ್ ಮೆಕ್ಯಾನಿಕ್, ಚಿಕ್ಕಮಗಳೂರು): ಬೇಡ ಸಾರ್. ವಸ್ತು ಒಳ್ಳೆಯದೇ, ಆದರೆ ಅದು ನಮ್ಮ ಊರಿನ ಚಳಿಗಲ್ಲ.

ಇಂಜಿನ್ ಬ್ಲಾಕಿನ ಪಕ್ಕದಲ್ಲಿ ದುಂಡಗಿನ ತಗಡಿನ ಮುಚ್ಚಳಗಳಿರ್ತವಲ್ಲ, ಅದರಲ್ಲಿ ಒಂದನ್ನು ಕಿತ್ತು ಅಲ್ಲಿ ಈ ಹೀಟರ್ ಕೂರಿಸ್ತಾರೆ. ನೀರು ಕಾಯಿಸುವ ಕಾಯಿಲ್ ಥರಾನೇ, ಒಳಗಿನ ಕೂಲಂಟ್ (ಇಂಜಿನ್ ತಣ್ಣಗಿಡುವ ನೀರು) ಬಿಸಿ ಮಾಡುತ್ತದೆ. ಕಾರಿಗೆ ಸಾಮಾನ್ಯವಾಗಿ 400 ವ್ಯಾಟ್ ಆಸುಪಾಸು, ದೊಡ್ಡ ಇಂಜಿನ್‌ಗೆ 1000, 1500. ಗಾಡಿ ತೆಗೆಯುವ ಮೂರ್ನಾಲ್ಕು ಗಂಟೆ ಮುಂಚೆ ಹಾಕಿದರೆ ಸಾಕು, ರಾತ್ರಿಯಿಡೀ ಬೇಕಿಲ್ಲ. ಮೈನಸ್ 20ರಲ್ಲಿ ಆಯಿಲ್ ಬೆಲ್ಲದ ಪಾಕದ ಥರ ಆಗುತ್ತದೆ. ಅಲ್ಲಿ ಇದಿಲ್ಲದೆ ನಡೆಯಲ್ಲ. ನಮ್ಮ ದೇಶದಲ್ಲೇ ನೋಡಿ, ಲಡಾಖಿಗೆ ಅಂತಲೇ ಇಂಡಿಯನ್ ಆಯಿಲ್‌ನವರು 2019ರಲ್ಲಿ ಮೈನಸ್ 33ರವರೆಗೂ ಹೆಪ್ಪುಗಟ್ಟದ ಡೀಸೆಲ್ ತಂದರು. ನಿಮ್ಮ 11 ಡಿಗ್ರಿಯಲ್ಲಿ ಸರಿಯಿರುವ ಇಂಜಿನ್ ಎರಡು ಸೆಲ್ಫಿಗೆ ಏಳಲೇಬೇಕು.

ಇನ್ನೊಂದು ವಿಷಯ. ಕೆನಡಾದ ಹೀಟರ್ 120 ವೋಲ್ಟಿನದು. ನಮ್ಮ 230ಕ್ಕೆ ಹಾಕಿದರೆ 400 ವ್ಯಾಟಿನದು ಹತ್ತಿರ ಹತ್ತಿರ 1500 ವ್ಯಾಟ್ ಎಳೆದು ಸುಟ್ಟುಹೋಗುತ್ತದೆ. ಅದೂ ಇಬ್ಬನಿ ಬಿದ್ದು ಒದ್ದೆಯಾದ ಶೆಡ್ಡಿನಲ್ಲಿ, ಅರ್ಥಿಂಗ್ ಇಲ್ಲದ ಪ್ಲಗ್ಗಿನಲ್ಲಿ! ಗಾಡಿ ಮುಟ್ಟಿದವನ ಗತಿ ಏನು?

ಈಗ ನಿಮ್ಮ ಗಾಡಿಗೆ ಬರೋಣ. ಅದರಲ್ಲಿ ಆಗಲೇ ನಾಲ್ಕು ಹೀಟರ್ ಇವೆ, ಸಿಲಿಂಡರಿಗೊಂದು ಹೀಟರ್ ಪ್ಲಗ್. ಡೀಸೆಲ್ ಇಂಜಿನ್‌ನಲ್ಲಿ ಕಿಡಿ ಹೊಡೆಯುವ ಪ್ಲಗ್ ಇಲ್ಲ, ಗಾಳಿಯನ್ನು ಒತ್ತಿ ಒತ್ತಿ ಬಿಸಿ ಮಾಡಿಯೇ ಡೀಸೆಲ್ ಹೊತ್ತಿಸಬೇಕು. ಬೆಳಗ್ಗೆ ತಣ್ಣಗಿರುವ ಕಬ್ಬಿಣ ಆ ಬಿಸಿಯನ್ನು ಕುಡಿದುಬಿಡುತ್ತದೆ. ಅದಕ್ಕೇ ಈ ಪ್ಲಗ್ ಇರೋದು. ಡ್ಯಾಶ್‌ನಲ್ಲಿ ಸುರುಳಿ ಗುರುತಿನ ದೀಪ ಆರುವ ತನಕ ಕಾಯ್ತೀರಾ, ಅಥವಾ ಕೂತ ತಕ್ಷಣ ಸೆಲ್ಫಾ?

ನಾಳೆ ಬೆಳಗ್ಗೆ ಒಂದು ಕೆಲಸ ಮಾಡಿ. ಒಬ್ಬರು ಸೆಲ್ಫ್ ಹೊಡೆಯಲಿ, ನೀವು ಹಿಂದೆ ಹೋಗಿ ಸೈಲೆನ್ಸರ್ ನೋಡಿ. ಕಣ್ಣುರಿಯುವ ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗ್ತಿದೆ, ಹೊತ್ತಿಕೊಳ್ತಿಲ್ಲ. ಆಗ ಹೀಟರ್ ಪ್ಲಗ್ ನೋಡಬೇಕು, ಅದು ಸರಿಯಿದ್ದರೆ ಕಂಪ್ರೆಷನ್, ಅಂದರೆ ಇಂಜಿನ್ ಗಾಳಿಯನ್ನು ಸರಿಯಾಗಿ ಒತ್ತುತ್ತಿದೆಯಾ ಅಂತ. ಹೊಗೆಯೇ ಇಲ್ಲ ಅಂದರೆ ಡೀಸೆಲ್ಲೇ ಬರ್ತಿಲ್ಲ. ರಾತ್ರಿ ಎಲ್ಲೋ ಗಾಳಿ ಎಳೆದು ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿದಿರುತ್ತದೆ. ಫಿಲ್ಟರ್ ಮೇಲಿನ ಹ್ಯಾಂಡ್ ಪಂಪ್ ಗಟ್ಟಿ ಆಗುವ ತನಕ ಒತ್ತಿ ನೋಡಿ. ಆಮೇಲೆ ಒಂದೇ ಸಲಕ್ಕೆ ಸ್ಟಾರ್ಟ್ ಆದರೆ ತಪ್ಪು ಚಳಿಯದ್ದಲ್ಲ, ಪೈಪಿನದ್ದು.

ಬ್ಯಾಟರಿ ಮೇಲೂ ಕಣ್ಣಿರಲಿ. ರಾತ್ರಿ ನಿಂತ ಮೇಲೆ 12.6 ವೋಲ್ಟ್ ಇದ್ದರೆ ಫುಲ್, 12.2 ಅಂದರೆ ಅರ್ಧ.

ಇನ್ನೊಬ್ಬರು (ಸಕಲೇಶಪುರ): ಇಷ್ಟೆಲ್ಲ ಯಾಕೆ? ಪೆಟ್ರೋಲ್ ಅದ್ದಿದ ಬಟ್ಟೆ ಏರ್ ಫಿಲ್ಟರ್ ಬಾಯಿಗೆ ಹಿಡಿದರೆ ಆಯ್ತು. ನಮ್ಮಪ್ಪನ ಕಾಲದಿಂದ ಇದೇ.

ಮೆಕ್ಯಾನಿಕ್: ಸಾರ್, ದಯವಿಟ್ಟು ಬೇಡ. ಒಳಗೆ ಪ್ಲಗ್ ಕೆಂಪಗೆ ಕಾದಿರುತ್ತದೆ. ಪಿಸ್ಟನ್ ಪೂರ್ತಿ ಮೇಲಕ್ಕೆ ಬರುವ ಮುಂಚೆಯೇ ಆ ಪೆಟ್ರೋಲ್ ಆವಿ ಹೊತ್ತಿಕೊಂಡರೆ ಪಿಸ್ಟನ್, ರಾಡ್ ಎರಡೂ ಹೋಯ್ತು. ಬಟ್ಟೆ ಹಿಡಿದ ಕೈ ಬೇರೆ. ಬರೀ ಪ್ಲಗ್ ಹೋಗಿದ್ದ ಗಾಡಿ, ಈ ಔಷಧಿ ಮಾಡಿಸಿಕೊಂಡು ನನ್ನ ಹತ್ತಿರ ಹೆಡ್ (ಇಂಜಿನ್ನಿನ ಮೇಲ್ಭಾಗ) ಬಿಚ್ಚಿಸೋಕೆ ಬಂದಿದ್ದೂ ಇದೆ.

ಪ್ರಶ್ನೆ ಕೇಳಿದವರು: ನೋಡಿದೆ ಅಣ್ಣ. ಬಿಳಿ ಹೊಗೆ, ಶೆಡ್ ತುಂಬಾ! ದೀಪ ಆರುವ ತನಕ ಕಾಯ್ತೀನಿ, ಎರಡೆರಡು ಸಲ. ಪ್ಲಗ್ ಮನೆಯಲ್ಲೇ ಚೆಕ್ ಮಾಡಬಹುದಾ?

ಮೆಕ್ಯಾನಿಕ್: ಮಾಡಬಹುದು. ನಾಲ್ಕನ್ನೂ ಸೇರಿಸುವ ತಗಡಿನ ಪಟ್ಟಿ ಬಿಚ್ಚಿ. ಒಂದು ಇಂಡಿಕೇಟರ್ ಬಲ್ಬಿಗೆ ಎರಡು ವೈರ್ ಕಟ್ಟಿ, ಒಂದನ್ನು ಬ್ಯಾಟರಿ ಪ್ಲಸ್‌ಗೆ ಹಾಕಿ, ಇನ್ನೊಂದನ್ನು ಒಂದೊಂದೇ ಪ್ಲಗ್ಗಿನ ತುದಿಗೆ ಮುಟ್ಟಿಸಿ. ಉರಿದರೆ ಜೀವ ಇದೆ, ಉರಿಯದಿದ್ದರೆ ಸತ್ತಿದೆ. ಎಲ್ಲ ಉರಿದರೆ ಪ್ಲಗ್ಗಿಗೆ ಕರೆಂಟ್ ಬಿಡುವ ರಿಲೇ ನೋಡಬೇಕು.

ಪ್ರಶ್ನೆ ಕೇಳಿದವರು: ಒಂದು ಮತ್ತು ನಾಲ್ಕು ಉರಿಯಲಿಲ್ಲ. ಒಂದನೇದು ಬಿಚ್ಚಿದೆ. ನಾಲ್ಕನೇದು ಜಪ್ಪಯ್ಯ ಅಂದರೂ ಬರ್ತಿಲ್ಲ. ಪಾನಕ್ಕೆ ಪೈಪ್ ಹಾಕಿ ತಿರುಗಿಸಲಾ?

ಮೆಕ್ಯಾನಿಕ್: ಅಯ್ಯೋ, ಪೈಪ್ ಕೆಳಗಿಡಿ! ಮುರಿದು ಹೆಡ್ಡಲ್ಲಿ ಉಳಿದರೆ ಖರ್ಚು ಹತ್ತು ಪಟ್ಟು. ಬುಡಕ್ಕೆ ತುಕ್ಕು ಬಿಡಿಸುವ ಆಯಿಲ್ ಬಿಟ್ಟು ರಾತ್ರಿ ಬಿಡಿ. ನಾಳೆ ಗಾಡಿ ಓಡಿಸಿ, ಇಂಜಿನ್ ಬಿಸಿ ಇರುವಾಗ ಮೆತ್ತಗೆ ಬಿಗಿ ಮಾಡಿ, ಸಡಿಲ ಮಾಡಿ, ಹೀಗೇ ಅಲುಗಾಡಿಸಿ. ಆಗಲೂ ಬರಲಿಲ್ಲ ಅಂದರೆ ಮೂರರಲ್ಲೇ ಓಡಿಸಿಕೊಂಡು ಭಾನುವಾರ ನನ್ನ ಹತ್ತಿರ ತನ್ನಿ. ಹೊಸದು ತರುವಾಗ ಹಳೇ ಪ್ಲಗ್ ಅಂಗಡಿಗೆ ಒಯ್ಯೋದು ಮರೀಬೇಡಿ, ಉದ್ದ ಒಂದು ನೂಲು ಜಾಸ್ತಿ ಆದರೂ ಒಳಗೆ ತಾಗುತ್ತದೆ.