ತಟ್ಟೆಗೆ ತೂತು ಕೊರೆದರೆ ಕಾಂತದ ಸುಳಿ ಎಲ್ಲಿ ಹೋಗುತ್ತದೆ?

ಪ್ರಶ್ನೆ:
ಪರ್ಮಲಾಯ್ (ನಿಕಲ್-ಕಬ್ಬಿಣದ ಕಾಂತೀಯ ಮಿಶ್ರಲೋಹ) ತಟ್ಟೆಯೊಂದರ ಸಿಮ್ಯುಲೇಶನ್ ಮಾಡುತ್ತಿದ್ದೇನೆ, 200 ನ್ಯಾನೋಮೀಟರ್ ಅಗಲ, 20 ದಪ್ಪ. ಸ್ಪಿನ್‌ಗಳನ್ನು (ಪರಮಾಣುಗಳ ಪುಟ್ಟ ಕಾಂತ-ಬಾಣಗಳನ್ನು) ಹೇಗೆ ಚೆಲ್ಲಾಡಿ ಶುರು ಮಾಡಿದರೂ ಹೆಚ್ಚುಕಡಿಮೆ ಪ್ರತಿ ಸಲ ನಡುವೆ ಒಂದು ಸುಳಿ ಬಂದು ಕೂರುತ್ತದೆ. ಮಧ್ಯದಲ್ಲಿ ತೂತು ಕೊರೆದರೆ ಸುಳಿಯ ತಿರುಳು ಮಾಯ, ಸ್ಪಿನ್‌ಗಳು ಸುಮ್ನೆ ತೂತನ್ನು ಸುತ್ತುತ್ತವೆ. ಇದು ಬರೀ ಶಕ್ತಿಯ ಲೆಕ್ಕವಾ, ಟೊಪಾಲಜಿಯಾ (ಎಳೆದು ಬಗ್ಗಿಸಿದರೂ ಬದಲಾಗದ, ತೂತು-ಸುತ್ತುಗಳಂಥ ಗುಣಗಳ ಗಣಿತವಾ)?

ಉತ್ತರ 1:
ಎರಡೂ ಇದೆ, ಆದರೆ ಬುಡದಲ್ಲಿರುವುದು ಟೊಪಾಲಜಿ. ಸ್ಪಿನ್ ಅಂಚಿನಿಂದ ಹೊರಗೆ ಮುಖ ಮಾಡಿದರೆ ಅಲ್ಲಿ ಕಾಂತಧ್ರುವ ಏಳುತ್ತದೆ, ಅದಕ್ಕೆ ಶಕ್ತಿ ಜಾಸ್ತಿ ಬೇಕು, ಹಾಗಾಗಿ ಸ್ಪಿನ್‌ಗಳು ಅಂಚಿನ ಗುಂಟ ಮಲಗುತ್ತವೆ. ಈಗ ಅಂಚನ್ನು ಒಂದು ಸುತ್ತು ಬನ್ನಿ: ಸ್ಪಿನ್ ಕೂಡ ಪೂರ್ತಿ ಒಂದು ಸುತ್ತು ತಿರುಗಿರುತ್ತದೆ. ಆ ತಿರುವು ಒಳಗೆ ಎಲ್ಲಾದರೂ ಒಂದು ಕಡೆ ಬಂದು ಸೇರಲೇಬೇಕು, ನೆತ್ತಿಯ ಮೇಲೆ ಕೂದಲಿನ ಸುಳಿ ಇದ್ದ ಹಾಗೆ. ಅಲ್ಲಿ ಸ್ಪಿನ್‌ಗಳಿಗೆ ಬೇರೆ ದಾರಿ ಇಲ್ಲದೆ ಮೇಲಕ್ಕೋ ಕೆಳಕ್ಕೋ ಎದ್ದು ನಿಲ್ಲುತ್ತವೆ. ತೂತು ಕೊರೆದಾಗ ನೀವು ಆ ಜಾಗವನ್ನೇ ತೆಗೆದುಬಿಟ್ಟಿರಿ, ಅಷ್ಟೇ.

ಲೆಕ್ಕ ಹೀಗೆ: ಸುಳಿಗೆ +1, ಎದುರು ಸುಳಿಗೆ (ಆಂಟಿವೋರ್ಟೆಕ್ಸ್, ಅದನ್ನು ಸುತ್ತು ಬಂದರೆ ಸ್ಪಿನ್ ಉಲ್ಟಾ ದಿಕ್ಕಿಗೆ ಒಂದು ಸುತ್ತು ತಿರುಗುತ್ತದೆ) −1, ಅಂಚಿನಲ್ಲಿ ಕೂತ ದೋಷಕ್ಕೆ (ಸ್ಪಿನ್ ಅಂಚಿನ ಗುಂಟ ಮಲಗದೆ ಇರುವ ಜಾಗಕ್ಕೆ) +½ ಅಥವಾ −½. ಎಲ್ಲ ಕೂಡಿದರೆ 1ರಲ್ಲಿ ತೂತುಗಳ ಸಂಖ್ಯೆ ಕಳೆದಷ್ಟು ಬರಬೇಕು. 2005ರಲ್ಲಿ ಚೆರ್ನಿಶೋವ್ ಮತ್ತು ಚೆರ್ನ್ ಎಂಬ ಭೌತವಿಜ್ಞಾನಿಗಳು ಇದನ್ನು ಬರೆದರು. ನನಗಂತೂ ಇದು ತುಂಬಾ ಇಷ್ಟ, ಯಾಕೆಂದರೆ ಆಕಾರ ಕೊರೆಯುವುದರಿಂದಲೇ ಒಳಗಿನ ವಿನ್ಯಾಸಕ್ಕೆ ಕಡಿವಾಣ ಹಾಕಬಹುದು.

ಉತ್ತರ 2:
ಒಂದು ಮಾತು ಸೇರಿಸುತ್ತೇನೆ. ಟೊಪಾಲಜಿ ಹೇಳುವುದು ಮೊತ್ತ ಮಾತ್ರ. ಆ ಮೊತ್ತವನ್ನು ಹೇಗೆ ಹಂಚಿಕೊಳ್ಳಬೇಕು ಅನ್ನುವುದು ಶಕ್ತಿಗೆ ಬಿಟ್ಟಿದ್ದು. ತಟ್ಟೆ ತೀರಾ ಚಿಕ್ಕದೂ ತೆಳುವೂ ಆದರೆ ಸುಳಿಯೇ ಬರುವುದಿಲ್ಲ, ಎಲ್ಲ ಸ್ಪಿನ್‌ಗಳೂ ಒಂದೇ ದಿಕ್ಕಿಗೆ ನಿಲ್ಲುತ್ತವೆ. ಆಗ ಅಂಚಿನ ಎರಡು ತುದಿಯಲ್ಲಿ +½, +½. ಮೊತ್ತ ಮತ್ತೆ 1, ಅಲ್ವಾ? ಸುಳಿ ಇದ್ದ ತಟ್ಟೆಗೆ ಪಕ್ಕದಿಂದ ಕಾಂತಕ್ಷೇತ್ರ ಏರಿಸುತ್ತಾ ಹೋಗಿ, ತಿರುಳು ಅಂಚಿನ ಕಡೆಗೆ ಸರಿದು ಕೊನೆಗೆ ಹೊರಗೆ ಹೋಗುವುದನ್ನು ಕಣ್ಣಾರೆ ನೋಡಬಹುದು. ಹಾಗಾಗಿ ಸುಳಿಗೆ ‘ಟೊಪಾಲಜಿಯ ರಕ್ಷಣೆ’ ಇದೆ, ಅದು ಸುಲಭವಾಗಿ ಅಳಿಯದು ಎಂದು ಯಾರಾದರೂ ಬರೆದರೆ ಅಂಚು ಎಷ್ಟು ದೂರ ಇದೆ ಎಂದು ಮೊದಲು ಕೇಳಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಥ್ಯಾಂಕ್ಸ್. ಎರಡು ತೂತು ಅಕ್ಕಪಕ್ಕ ಕೊರೆದು ನೋಡಿದೆ, ಮೊತ್ತ −1 ಬರಬೇಕಿತ್ತು. ಎರಡೂ ತೂತಿನ ಸುತ್ತ ಒಂದೇ ಕಡೆಗೆ ತಿರುಗಿಸಿ ಬಿಟ್ಟಾಗ ನಡುವಿನ ಪಟ್ಟಿಯಲ್ಲಿ ಒಂದು ಎದುರು ಸುಳಿ ಬಂತು. ವಿರುದ್ಧ ದಿಕ್ಕಿಗೆ ತಿರುಗಿಸಿದಾಗ ಆ ಪಟ್ಟಿ ಪೂರ್ತಿ ನೆಟ್ಟಗಾಯಿತು, ದೋಷಗಳು ಮೇಲಿನ ಅಂಚಿನಲ್ಲಿ ಒಂದು, ಕೆಳಗಿನ ಅಂಚಿನಲ್ಲಿ ಒಂದು, ತಲಾ −½. ಈಗ ಮೂರನೇ ತೂತು ಎಲ್ಲಿ ಕೊರೆಯಲಿ ಎಂದು ಯೋಚಿಸುತ್ತಿದ್ದೇನೆ.