ಫಾಲೋವರ್ಸ್ ಜಾಸ್ತಿ ಆಗಬೇಕು, ಖಾತೆಯೂ ಉಳಿಯಬೇಕು: ಅನುಭವ ಇರುವವರು ಹೇಳಿ

ಕೇಳಿದವರು:
ಇನ್‌ಸ್ಟಾಗ್ರಾಂನಲ್ಲಿ ಪೆನ್ಸಿಲ್ ಚಿತ್ರಗಳ ಪೇಜ್ ನಡೆಸುತ್ತಿದ್ದೇನೆ. ಅದೇ ವಿಡಿಯೋಗಳನ್ನು ಯೂಟ್ಯೂಬ್‌ಗೂ ಹಾಕುತ್ತೇನೆ. ಫಾಲೋವರ್ಸ್ ಕೆಲವು ನೂರು ದಾಟುತ್ತಿಲ್ಲ. ದುಡ್ಡು ಕೊಟ್ಟರೆ ಸಾವಿರ ಫಾಲೋವರ್ಸ್ ಕೊಡುತ್ತೇವೆ ಅಂತ ಮೆಸೇಜ್‌ಗಳು ಬರುತ್ತಲೇ ಇರುತ್ತವೆ. ಗೆಳೆಯರೊಬ್ಬರು, ಒಬ್ಬರನ್ನೊಬ್ಬರು ಫಾಲೋ ಮಾಡಿಕೊಳ್ಳುವ ಗುಂಪಿಗೆ ಸೇರಿಸಿದ್ದಾರೆ. ಇದರ ಮಧ್ಯೆ ಒಂದು ರೀಲ್‌ನ ಹಾಡು ಮ್ಯೂಟ್ ಆಗಿದೆ. ಯೂಟ್ಯೂಬ್‌ನಲ್ಲಿ ಕಾಪಿರೈಟ್ ಕ್ಲೈಮ್ ಕೂಡ ಬಂದಿದೆ. ಖಾತೆಯೇ ಹೋಗಿಬಿಡುತ್ತದಾ ಅಂತ ಭಯ. ಏನು ಮಾಡಲಿ?

ಚಿತ್ರ ಕಲಿಸುವ ಪೇಜ್ ನಡೆಸುವವರು:
ಮೊದಲು ಆ ಗುಂಪಿನಿಂದ ಹೊರಗೆ ಬನ್ನಿ. ದುಡ್ಡು ಕೇಳುವವರನ್ನು ಬ್ಲಾಕ್ ಮಾಡಿ. ಉಳಿದದ್ದೆಲ್ಲ ಆಮೇಲೆ.

ನಾನೂ ಚಿತ್ರ ಬಿಡಿಸುವುದನ್ನೇ ಕಲಿಸುವುದು, ಹಾಗಾಗಿ ನಿಮ್ಮ ಸಂಕಟ ಗೊತ್ತಾಗುತ್ತದೆ. ಗಂಟೆಗಟ್ಟಲೆ ಕೂತು ಬಿಡಿಸಿದ್ದನ್ನು ಯಾರೂ ನೋಡದಿದ್ದರೆ ಬೇಜಾರಾಗುತ್ತದೆ, ಎಲ್ಲಿಂದಾದರೂ ಸರಿ ಒಂದಷ್ಟು ಜನ ಬರಲಿ ಅನಿಸುತ್ತದೆ. ಆದರೆ ಹಾಗೆ ಬಂದವರಿಂದ ನಷ್ಟವೇ ಜಾಸ್ತಿ. ಗುಂಪಿನವರು ನಿಮ್ಮನ್ನು ಫಾಲೋ ಮಾಡಿದ್ದು ತಮ್ಮ ಸಂಖ್ಯೆ ಏರಲಿ ಅಂತ. ನಿಮ್ಮ ಚಿತ್ರದಲ್ಲಿ ಅವರಿಗೆ ಆಸಕ್ತಿ ಇಲ್ಲ. ನಿಮ್ಮ ಹೊಸ ರೀಲ್ ಅವರಿಗೆ ಕಂಡರೂ ನೋಡದೆ ಮುಂದೆ ಸರಿಸುತ್ತಾರೆ. ಯಾರು ಎಷ್ಟು ಹೊತ್ತು ನೋಡಿದರು, ಲೈಕ್ ಮಾಡಿದರಾ, ಬೇರೆಯವರಿಗೆ ಕಳಿಸಿದರಾ ಅನ್ನುವುದನ್ನು ನೋಡಿಯೇ ಇನ್‌ಸ್ಟಾಗ್ರಾಂ ರೀಲ್ ಅನ್ನು ಇನ್ನಷ್ಟು ಜನರಿಗೆ ತೋರಿಸುವುದು. ಸರಿಸುವವರೇ ತುಂಬಿದ್ದರೆ ಒಳ್ಳೆಯ ಚಿತ್ರವೂ ಅಲ್ಲೇ ನಿಲ್ಲುತ್ತದೆ.

ನಿಯಮಕ್ಕೂ ಇದು ವಿರುದ್ಧ. 'ಸಬ್ ಫಾರ್ ಸಬ್', ಅಂದರೆ ನೀವು ನನಗೆ ಸಬ್‌ಸ್ಕ್ರೈಬ್ ಮಾಡಿ, ನಾನು ನಿಮಗೆ ಮಾಡುತ್ತೇನೆ ಅನ್ನುವುದು, ಕೂಡದು ಅಂತ ಯೂಟ್ಯೂಬ್ ನೇರವಾಗಿಯೇ ಬರೆದಿದೆ. ಬೇರೆ ಆ್ಯಪ್‌ಗಳಿಂದ ಬಂದ ನಕಲಿ ಲೈಕ್, ಫಾಲೋ, ಕಾಮೆಂಟ್‌ಗಳನ್ನು ತೆಗೆದುಹಾಕುವುದಾಗಿ ಇನ್‌ಸ್ಟಾಗ್ರಾಂ 2018ರ ನವೆಂಬರ್‌ನಲ್ಲೇ ಪ್ರಕಟಿಸಿತು. ಅದಕ್ಕೂ ಮೊದಲು, 2014ರ ಡಿಸೆಂಬರ್‌ನಲ್ಲಿ ನಕಲಿ ಖಾತೆಗಳನ್ನು ಗುಡಿಸಿದಾಗ ಜಸ್ಟಿನ್ ಬೀಬರ್ ಅಂಥವರ ಖಾತೆಯಿಂದಲೇ 30 ಲಕ್ಷಕ್ಕೂ ಹೆಚ್ಚು ಫಾಲೋವರ್ಸ್ ಒಮ್ಮೆಲೇ ಮಾಯವಾದರು. ಇವತ್ತು ಕೊಂಡದ್ದು ನಾಳೆ ಇರುತ್ತದೆ ಅನ್ನುವ ಖಾತ್ರಿಯೇ ಇಲ್ಲ ಅಲ್ವಾ?

ಇನ್ನು ನನಗೆ ಕೆಲಸಕ್ಕೆ ಬಂದದ್ದು. ಮುಗಿದ ಚಿತ್ರವನ್ನಷ್ಟೇ ತೋರಿಸುವ ರೀಲ್‌ಗಳಿಗೆ ಲೈಕ್ ಬರುತ್ತಿತ್ತು, ಹೊಸಬರು ಬರುತ್ತಿರಲಿಲ್ಲ. ಎರಡು ಕಣ್ಣು ಒಂದೇ ಮಟ್ಟದಲ್ಲಿ ಯಾಕೆ ಬರುವುದಿಲ್ಲ, ಬೆರಳು ಬಿಡಿಸುವಾಗ ಎಲ್ಲಿ ಎಡವುತ್ತೇವೆ, ಹೀಗೆ ಕಲಿಯುವವರು ದಿನಾ ಒದ್ದಾಡುವ ಒಂದೊಂದೇ ವಿಷಯ ಹಿಡಿದು ಚಿಕ್ಕದಾಗಿ ಮಾಡಿದ ಮೇಲೆ ಜನ ಅದನ್ನು ತಮ್ಮ ಜೊತೆ ಕಲಿಯುವವರಿಗೆ ಕಳಿಸಲು ಶುರು ಮಾಡಿದರು, ಫಾಲೋವರ್ಸ್ ಬಂದದ್ದು ಆ ದಾರಿಯಲ್ಲೇ. ಆಮೇಲೆ ಇನ್‌ಸ್ಟಾಗ್ರಾಂ ಮುಖ್ಯಸ್ಥ ಆ್ಯಡಮ್ ಮೊಸೆರಿ ಕೂಡ ಇದನ್ನೇ ಹೇಳಿದ್ದು ಕೇಳಿದೆ. ಇನ್ನೂ ಫಾಲೋ ಮಾಡದವರನ್ನು ಮುಟ್ಟಬೇಕಾದರೆ ಲೈಕ್‌ಗಿಂತ ಹೀಗೆ ಕಳಿಸುವುದಕ್ಕೇ ತೂಕ ಸ್ವಲ್ಪ ಜಾಸ್ತಿಯಂತೆ. ಹಾಗಾಗಿ ರೀಲ್ ಹಾಕುವ ಮೊದಲು ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಇದನ್ನು ಯಾರು ಯಾರಿಗೆ ಕಳಿಸುತ್ತಾರೆ? ಉತ್ತರ ಹೊಳೆಯದಿದ್ದರೆ ರೀಲ್ ಅನ್ನು ಇನ್ನೊಮ್ಮೆ ಕಟ್ ಮಾಡುತ್ತೇನೆ.

ಇನ್‌ಸೈಟ್ಸ್ (ರೀಲ್ ಅನ್ನು ಜನ ಹೇಗೆ ನೋಡಿದರು ಅಂತ ಇನ್‌ಸ್ಟಾಗ್ರಾಂ ತೋರಿಸುವ ಅಂಕಿಅಂಶ) ನೋಡುವುದನ್ನು ರೂಢಿ ಮಾಡಿಕೊಳ್ಳಿ. ಜನ ಎಲ್ಲಿ ಬಿಟ್ಟು ಹೋಗುತ್ತಾರೆ ಅಂತ ಅಲ್ಲಿ ಕಾಣುತ್ತದೆ. 'ಎಲ್ಲರಿಗೂ ನಮಸ್ಕಾರ, ಇವತ್ತಿನ ವಿಡಿಯೋದಲ್ಲಿ' ಅನ್ನುವಷ್ಟರಲ್ಲೇ ಅರ್ಧ ಜನ ಹೋಗಿರುತ್ತಾರೆ. ನೇರವಾಗಿ ಕಾಗದದ ಮೇಲೆ ಪೆನ್ಸಿಲ್ ಇಡಿ.

ಬೇರೆಯವರ ರೀಲ್ ಎತ್ತಿ ಹಾಕುವ ಯೋಚನೆ ಇದ್ದರೆ ಬಿಡಿ. 2024ರ ಏಪ್ರಿಲ್‌ನಲ್ಲಿ ಇನ್‌ಸ್ಟಾಗ್ರಾಂ ಹೇಳಿದ ಪ್ರಕಾರ, 30 ದಿನದಲ್ಲಿ 10 ಅಥವಾ ಅದಕ್ಕಿಂತ ಹೆಚ್ಚು ಸಲ ಬೇರೆಯವರದ್ದನ್ನು ಹಾಗೇ ಹಾಕಿದ ಖಾತೆಯನ್ನು, ಫಾಲೋ ಮಾಡದವರಿಗೆ ತೋರಿಸುವ ಶಿಫಾರಸಿನಿಂದಲೇ ಕೈಬಿಡುತ್ತಾರೆ. ಸ್ವಂತವಾಗಿ ಬಿಡಿಸುವ ನಿಮ್ಮಂಥವರಿಗೆ ಇದು ಒಳ್ಳೆಯದೇ ಆಯಿತು, ನನಗಂತೂ ಈ ನಿಯಮ ಬಂದಾಗ ತುಂಬಾ ಖುಷಿಯಾಗಿತ್ತು.

ಗಣಿತ ಪಾಠದ ಚಾನೆಲ್‌ನವರು:
ಯೂಟ್ಯೂಬ್ ಕಡೆಯದ್ದು ನಾನು ಹೇಳುತ್ತೇನೆ. ಕ್ಲೈಮ್ ಬೇರೆ, ಸ್ಟ್ರೈಕ್ (ನಿಯಮ ಮೀರಿದ್ದಕ್ಕೆ ಚಾನೆಲ್ ಮೇಲೆ ಬೀಳುವ ದಂಡನೆ) ಬೇರೆ. ಹಾಡುಗಳನ್ನು ತಾನೇ ಗುರುತಿಸುವ ಯೂಟ್ಯೂಬ್ ವ್ಯವಸ್ಥೆ ಕಂಟೆಂಟ್ ಐಡಿಯಿಂದ ಕ್ಲೈಮ್ ಬಂದರೆ ಸಾಮಾನ್ಯವಾಗಿ ಆ ವಿಡಿಯೋದ ಆದಾಯ ಹಾಡಿನವರಿಗೆ ಹೋಗುತ್ತದೆ, ಇಲ್ಲವೇ ವಿಡಿಯೋ ಕೆಲವು ಕಡೆ ಕಾಣುವುದಿಲ್ಲ. ಅಷ್ಟಕ್ಕೇ ಚಾನೆಲ್ ಹೋಗುವುದಿಲ್ಲ. ಚಾನೆಲ್ ನೋಡಿಕೊಳ್ಳುವ ಯೂಟ್ಯೂಬ್ ಸ್ಟುಡಿಯೋದಲ್ಲೇ ಹಾಡನ್ನು ಬದಲಾಯಿಸುವ ದಾರಿ ಇದೆ, ಇವತ್ತೇ ಮಾಡಿ.

ಸ್ಟ್ರೈಕ್ ಆದರೆ ಹುಷಾರಾಗಬೇಕು. ಸಮುದಾಯ ನಿಯಮ ಮೀರಿದರೆ ಮೊದಲ ಸಲ ಸಾಮಾನ್ಯವಾಗಿ ಎಚ್ಚರಿಕೆ ಮಾತ್ರ. ಆಮೇಲೆ ಮೊದಲ ಸ್ಟ್ರೈಕ್‌ಗೆ 1 ವಾರ ಅಪ್‌ಲೋಡ್ ಇಲ್ಲ, 90 ದಿನದೊಳಗೆ ಎರಡನೆಯದು ಬಂದರೆ 2 ವಾರ, ಮೂರನೆಯದಕ್ಕೆ ಚಾನೆಲ್ಲೇ ಮುಚ್ಚುತ್ತದೆ. ವಿಡಿಯೋ ಡಿಲೀಟ್ ಮಾಡಿದರೆ ಸ್ಟ್ರೈಕ್ ಅಳಿಯುತ್ತದೆ ಅಂತ ಸುಮಾರು ಜನ ನಂಬಿದ್ದಾರೆ, ಅದು ತಪ್ಪು. ಕ್ರಮ ಸರಿಯಿಲ್ಲ ಅನಿಸಿದರೆ ಡಿಲೀಟ್ ಮಾಡದೆ ಮೇಲ್ಮನವಿ ಹಾಕಿ. ಕಾಪಿರೈಟ್ ಸ್ಟ್ರೈಕ್‌ಗಳ ಲೆಕ್ಕ ಬೇರೆಯೇ ನಡೆಯುತ್ತದೆ, ಅಲ್ಲೂ 90 ದಿನದಲ್ಲಿ ಮೂರು ಬಂದರೆ ಚಾನೆಲ್ ಉಳಿಯುವುದು ಕಷ್ಟ.

ಸಂಪಾದನೆಯ ಆಸೆ ಇದ್ದರೆ ಇದೂ ಗೊತ್ತಿರಲಿ. ಜಾಹೀರಾತಿನ ಆದಾಯಕ್ಕೆ 1000 ಸಬ್‌ಸ್ಕ್ರೈಬರ್ಸ್ ಬೇಕು, ಜೊತೆಗೆ 12 ತಿಂಗಳಲ್ಲಿ 4000 ಗಂಟೆ ವೀಕ್ಷಣೆ ಅಥವಾ 90 ದಿನದಲ್ಲಿ ಶಾರ್ಟ್ಸ್‌ಗೆ (ಯೂಟ್ಯೂಬ್‌ನ ಚಿಕ್ಕ ವಿಡಿಯೋಗಳಿಗೆ) 1 ಕೋಟಿ ವ್ಯೂಸ್ ಆಗಬೇಕು. ಶಾರ್ಟ್ಸ್ ಫೀಡ್‌ನಲ್ಲಿ ನೋಡಿದ ಹೊತ್ತು ಆ 4000 ಗಂಟೆಗೆ ಸೇರುವುದಿಲ್ಲ. ಅದಕ್ಕೇ ನಾನು ಶಾರ್ಟ್ಸ್‌ನಲ್ಲಿ ಒಂದು ಲೆಕ್ಕವನ್ನಷ್ಟೇ ಬಿಡಿಸಿ, ಪೂರ್ತಿ ಪಾಠದ ವಿಡಿಯೋವನ್ನು ಅದಕ್ಕೇ ಲಿಂಕ್ ಮಾಡುತ್ತೇನೆ. ನಮ್ಮ ಚಾನೆಲ್‌ಗೆ ಉಳಿದುಕೊಂಡವರೆಲ್ಲ ಹಾಗೆ ಉದ್ದ ಪಾಠ ನೋಡಿದವರೇ. ನೀವೂ ಒಂದು ಚಿತ್ರವನ್ನು ಆರಂಭದಿಂದ ಕೊನೆಯವರೆಗೆ ನಿಧಾನವಾಗಿ ಕಲಿಸುವ ವಿಡಿಯೋ ಮಾಡಿ, ಶಾರ್ಟ್ಸ್ ಅದರಿಂದಲೇ ಕತ್ತರಿಸಿ.

ಬೇರೆಯವರ ಖಾತೆಗಳನ್ನು ನೋಡಿಕೊಳ್ಳುವ ಕೆಲಸದವರು:
ಮ್ಯೂಟ್ ಆದ ರೀಲ್ ಬಗ್ಗೆ: ನಿಮ್ಮದು ಬಿಸಿನೆಸ್ ಖಾತೆಯಾ ನೋಡಿ. ಬಿಸಿನೆಸ್ ಖಾತೆಗೆ ಹೆಚ್ಚಿನ ಸಿನಿಮಾ ಹಾಡುಗಳನ್ನು ಬಳಸುವ ಹಕ್ಕು ಸಿಗುವುದಿಲ್ಲ. ಇನ್‌ಸ್ಟಾಗ್ರಾಂನ ಮಾಲೀಕ ಕಂಪನಿ ಮೆಟಾದ ಸೌಂಡ್ ಕಲೆಕ್ಷನ್‌ನಲ್ಲಿ ಉಚಿತ ಸಂಗೀತ ಇದೆ. ಚಿತ್ರದ ರೀಲ್‌ಗೆ ಪೆನ್ಸಿಲ್ ಗೀಚುವ ಸದ್ದೇ ಚೆನ್ನಾಗಿರುತ್ತದೆ ಅಂತ ನನಗನಿಸುತ್ತದೆ.

ರೀಚ್ (ಪೋಸ್ಟ್ ತಲುಪುವ ಜನರ ಸಂಖ್ಯೆ) ಕಡಿಮೆಯಾದಾಗೆಲ್ಲ ಶ್ಯಾಡೋಬ್ಯಾನ್, ಅಂದರೆ ನಮಗೆ ಹೇಳದೆಯೇ ಖಾತೆಯನ್ನು ಮರೆಮಾಡಿದ್ದಾರೆ, ಅಂತ ಗಾಬರಿಯಾಗಬೇಡಿ. ಸೆಟ್ಟಿಂಗ್ಸ್‌ನಲ್ಲಿ 'ಅಕೌಂಟ್ ಸ್ಟೇಟಸ್' ಅಂತ ಇದೆ. ಏನನ್ನಾದರೂ ತೆಗೆದಿದ್ದರೆ, ಶಿಫಾರಸಿಗೆ ತಡೆ ಇದ್ದರೆ ಅಲ್ಲಿ ಕಾಣುತ್ತದೆ, ಮರುಪರಿಶೀಲನೆಯನ್ನೂ ಅಲ್ಲಿಂದಲೇ ಕೇಳಬಹುದು.

'ನೀವು ಕಾಪಿರೈಟ್ ಮೀರಿದ್ದೀರಿ, 24 ಗಂಟೆಯಲ್ಲಿ ಖಾತೆ ಹೋಗುತ್ತದೆ, ಈ ಲಿಂಕ್ ಒತ್ತಿ' ಅಂತ ಮೆಸೇಜ್ ಬಂದರೆ ಒತ್ತಲೇಬೇಡಿ. ನಿಯಮ ಮೀರಿ ಖಾತೆ ಕಳೆದುಕೊಂಡವರಿಗಿಂತ ಹೀಗೆ ಹೆದರಿ ಕಳೆದುಕೊಂಡವರನ್ನೇ ನಾನು ಜಾಸ್ತಿ ನೋಡಿದ್ದೇನೆ. ಇನ್‌ಸ್ಟಾಗ್ರಾಂ ನಿಜವಾಗಿ ಕಳಿಸಿದ ಇಮೇಲ್‌ಗಳ ಪಟ್ಟಿ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲೇ ಸಿಗುತ್ತದೆ, ಅಲ್ಲಿ ಹೋಲಿಸಿ ನೋಡಿ. ಎರಡು ಹಂತದ ಲಾಗಿನ್ ಹಾಕಿಕೊಳ್ಳಿ. ಆ ಫಾಲೋ ಗುಂಪಿಗೆ ಸೇರುವಾಗ ಯಾವುದಾದರೂ ಆ್ಯಪ್‌ನಲ್ಲಿ ನಿಮ್ಮ ಪಾಸ್‌ವರ್ಡ್ ಹಾಕಿದ್ದರೆ, ಇದನ್ನು ಓದಿ ಮುಗಿಸಿದ ತಕ್ಷಣ ಅದನ್ನು ಬದಲಾಯಿಸಿ.