ಪಕ್ಕದ ಮನೆ ಹುಡುಗನಿಗೆ ದಡಾರ, ನಮ್ಮ ಪಾಪುಗೆ ಇನ್ನೂ ಎಂಟೇ ತಿಂಗಳು

ಪುಟ್ಟಿ ಅಮ್ಮ:
ನಾವು ಲಗ್ಗೆರೆಯಲ್ಲಿದ್ದೇವೆ. ಪಕ್ಕದ ಮನೆ ಹುಡುಗನಿಗೆ ದಡಾರ ಅಂತ ಇವತ್ತು ಗೊತ್ತಾಯಿತು, ಹಿಂದಿನ ಬೀದಿಯಲ್ಲೂ ಇಬ್ಬರಿಗೆ ಬಂದಿದೆಯಂತೆ. ನಿನ್ನೆ ಸಂಜೆ ಅವನು ನಮ್ಮ ಬಾಗಿಲಲ್ಲೇ ಕೂತು ಆಡುತ್ತಿದ್ದ. ಮಗಳಿಗೆ ಮೂರು ವರ್ಷ. ತಾಯಿ ಕಾರ್ಡ್ ತೆಗೆದು ನೋಡಿದರೆ ಮೊದಲನೇ ಎಂಆರ್ (ದಡಾರ-ರುಬೆಲ್ಲಾ) ಲಸಿಕೆಗೆ ತಾರೀಖು ಇದೆ, ಎರಡನೆಯದರ ಜಾಗ ಖಾಲಿ. ಆಗ ಊರಿಗೆ ಹೋಗಿದ್ದೆವು, ಆಮೇಲೆ ಮರೆತೇ ಹೋಯಿತು. ಚಿಕ್ಕವನಿಗೆ ಎಂಟು ತಿಂಗಳು. ಅತ್ತೆ ನೋಡಿದರೆ, ಅಮ್ಮ ಬಂದಿರುವಾಗ ಬೀದಿಯಲ್ಲಿ ಯಾರಿಗೂ ಸೂಜಿ ಹಾಕಿಸಬಾರದು ಅಂತಾರೆ. ಏನು ಮಾಡಲಿ?

ಆಶಾ ಕಾರ್ಯಕರ್ತೆ:
ಮಗಳಿಗೆ ತಡ ಮಾಡಬೇಡಿ ಅಕ್ಕ. ಮೊದಲಿಂದ ಶುರು ಮಾಡಬೇಕಿಲ್ಲ, ಬಾಕಿ ಇರುವ ಒಂದು ಡೋಸ್ ಸಾಕು. ಸರ್ಕಾರಿ ಪಟ್ಟಿಯಲ್ಲಿ ಮೊದಲನೆಯದು 9ರಿಂದ 12 ತಿಂಗಳಲ್ಲಿ, ಎರಡನೆಯದು 16ರಿಂದ 24 ತಿಂಗಳಲ್ಲಿ. ತಪ್ಪಿಹೋಗಿದ್ದರೆ 5 ವರ್ಷದ ತನಕ ಆರೋಗ್ಯ ಕೇಂದ್ರದಲ್ಲಿ ದುಡ್ಡಿಲ್ಲದೆ ಹಾಕುತ್ತಾರೆ. ಒಂದೇ ಡೋಸಿಗೆ ಎಲ್ಲ ಮಕ್ಕಳಿಗೂ ಶಕ್ತಿ ಬರುವುದಿಲ್ಲ, ಅದಕ್ಕೇ ಎರಡನೆಯದು. ಇನ್ನೊಂದು ಮಾತು. ಈ ಲಸಿಕೆಯ ಒಂದು ಸೀಸೆಯಲ್ಲಿ ಹಲವು ಮಕ್ಕಳಿಗಾಗುವಷ್ಟು ಇರುತ್ತದೆ, ಪುಡಿ ಕಲಸಿದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಹಾಗಾಗಿ ಕೆಲವು ಕಡೆ ಮಕ್ಕಳು ಸೇರುವ ದಿನ ಬನ್ನಿ ಅಂತ ಕಳಿಸಿಬಿಡುತ್ತಾರೆ. ಪಕ್ಕದ ಮನೆಯಲ್ಲೇ ದಡಾರ ಇದೆ ಅಂತ ಬಾಯಿಬಿಟ್ಟು ಹೇಳಿ, ಸುಮ್ನೆ ವಾಪಸ್ ಬರಬೇಡಿ.

ಮಕ್ಕಳ ವಾರ್ಡ್ ನರ್ಸ್:
ಪಾಪುವನ್ನೂ ಜೊತೆಗೇ ಕರೆದುಕೊಂಡು ಹೋಗಿ. ದಡಾರ ಹಬ್ಬಿದ ಕಡೆ ಆರು ತಿಂಗಳು ತುಂಬಿದ ಮಕ್ಕಳಿಗೂ ಒಂದು ಹೆಚ್ಚಿನ ಡೋಸ್ ಕೊಡುವುದುಂಟು, 2022ರಲ್ಲಿ ಮುಂಬೈಯಲ್ಲಿ ಹೀಗೇ ಮಾಡಿದ್ದರು. ಇವನಿಗೆ ಬೇಕಾ ಅಂತ ಡಾಕ್ಟರ್ ಹೇಳುತ್ತಾರೆ. ಹಾಕಿದರೂ ಅದು ಲೆಕ್ಕಕ್ಕಿಲ್ಲ, ಮುಂದಿನ ಎರಡೂ ಡೋಸ್ ಹಾಕಿಸಲೇಬೇಕು. ರೋಗಿಯ ಹತ್ತಿರ ಇದ್ದು 72 ಗಂಟೆಯೊಳಗೆ ಲಸಿಕೆ ಬಿದ್ದರೆ ಎಷ್ಟೋ ಸಲ ರೋಗ ತಪ್ಪುತ್ತದೆ. ಆದರೆ ದದ್ದು ಏಳುವ ನಾಲ್ಕು ದಿನ ಮೊದಲೇ ಇದು ಹರಡುತ್ತದೆ, ಆ ಹುಡುಗ ಎಂದಿನಿಂದ ನಿಮ್ಮ ಮನೆಗೆ ಬರುತ್ತಿದ್ದ ಅಂತಾನೂ ಹೇಳಿ. ಮೂರು ವಾರ ಜ್ವರ, ಕೆಮ್ಮು, ಕೆಂಪು ಕಣ್ಣು ಕಾಣುತ್ತದಾ ನೋಡುತ್ತಿರಿ. ಕಂಡರೆ ಮೊದಲು ಫೋನ್ ಮಾಡಿ ಆಮೇಲೆ ಆಸ್ಪತ್ರೆಗೆ ಹೋಗಿ, ಈ ವೈರಸ್ ಕೋಣೆಯ ಗಾಳಿಯಲ್ಲಿ ಎರಡು ಗಂಟೆಯವರೆಗೂ ಇರುತ್ತದೆ. ಪಕ್ಕದ ಮನೆಯವರಿಗೆ ವಿಟಮಿನ್ ಎ ಬಗ್ಗೆ ಡಾಕ್ಟರನ್ನು ಕೇಳಲು ಹೇಳಿ, ದಡಾರ ಬಂದ ಮಕ್ಕಳಿಗೆ ಎರಡು ದಿನ ಕೊಡುತ್ತಾರೆ, ಕಣ್ಣು ಉಳಿಯಲು ಅದು ಬೇಕು.

ಹಳೆ ಗುಡ್ಡದಹಳ್ಳಿ:
ನಿಮ್ಮ ಅತ್ತೆಗೆ ಇದನ್ನು ಓದಿ ಹೇಳಿ. ನಾವೂ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಅಮ್ಮ ತಾನಾಗೇ ಇಳಿಯುತ್ತಾಳೆ ಅಂತ ಕಾದೆವು. ಐದನೇ ದಿನ ಮಗ ಉಸಿರೆಳೆದರೆ ಪಕ್ಕೆ ಒಳಗೆ ಹೋಗುತ್ತಿತ್ತು. ನ್ಯುಮೋನಿಯಾ. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದೆವು. ಪೂಜೆ ಬೇಡ ಅಂತ ನಾನು ಹೇಳುವುದಿಲ್ಲ ಅಮ್ಮ, ಸೊಪ್ಪು ಕಟ್ಟಿ, ಸೂಜಿಯನ್ನೂ ಹಾಕಿಸಿ.

ಪುಟ್ಟಿ ಅಮ್ಮ:
ಅತ್ತೆಗೆ ಓದಿ ಹೇಳಿದೆ. ಪಕ್ಕೆಯ ಮಾತು ಬಂದಾಗ ಪಾಪುವನ್ನು ಎತ್ತಿಕೊಂಡು ಸುಮ್ಮನೆ ಕೂತರು. ಬೆಳಿಗ್ಗೆ ಅವರೂ ಬರುತ್ತಾರಂತೆ, ಕಾರ್ಡ್ ಬ್ಯಾಗಿಗೆ ಹಾಕಿಟ್ಟಿದ್ದೇನೆ.